ನಮ್ಮ ಕತಿ ನಿಮಗ್ಯಾರು ಹೇಳಿದ್ರು?

ಭರತ ಹುಣ್ಣಿಮೆ ಕಳೆದ ಮೇಲೆ ಹಡಗಲಿ ತಾಲೂಕಿನ ಮೈಲಾರಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಡೆಂಕನ ಮರಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾನೆ. ಅಷ್ಟು ಹೊತ್ತು ಡಮರುಗ, ಗದ್ದಲ, ಮಕ್ಕಳ ಅಳು ತುಂಬಿದ್ದ ಬಯಲು ಒಮ್ಮೆಲೇ ನಿಲ್ಲುತ್ತದೆ. ಆಮೇಲೆ ಅವನು ಆಡುವುದು ಒಂದೇ ಸಾಲು. ಆಡಿ, ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲನ್ನು ಹೊತ್ತುಕೊಂಡು ಜನ ಊರಿಗೆ ಮರಳುತ್ತಾರೆ. ರೈತನಿಗೆ ಅದರಲ್ಲಿ ಮಳೆ ಕಾಣುತ್ತದೆ, ರಾಜಕಾರಣಿಗೆ ಕುರ್ಚಿ ಕಾಣುತ್ತದೆ, ಬಸ್ಸಿನಲ್ಲಿ ಹರಪನಹಳ್ಳಿ ಮುಟ್ಟುವವರೆಗೂ ವಾದ ನಡೆಯುತ್ತದೆ.

ಕಾರ್ಣಿಕ ಎನ್ನುವ ಈ ಭವಿಷ್ಯವಾಣಿಯನ್ನು ಪ್ರತಿಭಟನೆಯ ಕಾವ್ಯ ಎಂದು ನಾನು ಕರೆಯುವುದಿಲ್ಲ. ಆದರೆ ಒಂದು ಸಾಲಿಗೆ ಲಕ್ಷ ಜನರನ್ನು ನಿಲ್ಲಿಸುವ ಬಲವಿದೆ ಎಂಬುದನ್ನು ನಮ್ಮ ಸೀಮೆಯ ಜನಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈಗ ಐದೂ ವಿಜಯನಗರ ಜಿಲ್ಲೆಯ ತಾಲೂಕುಗಳು. ನಾನು ಕನ್ನಡ ಕಲಿಸುತ್ತ ಓಡಾಡತೊಡಗಿದ ಕಾಲಕ್ಕೆ ಇವೆಲ್ಲ ಬಳ್ಳಾರಿ ಜಿಲ್ಲೆಯೊಳಗಿದ್ದವು. ಇಲ್ಲಿಯ ಹಳ್ಳಿಗಳಲ್ಲಿ ನಾನು ಪಾಠ ಮಾಡಿದ್ದಕ್ಕಿಂತ ಹಾಡಿದ್ದೇ ಹೆಚ್ಚೇನೋ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಶಾಲೆ ಬಿಟ್ಟ ಮೇಲೆ ನಾವು ಕಲಾಜಾಥಾ ಕಟ್ಟಿಕೊಂಡು ಹೊರಡುತ್ತಿದ್ದೆವು. ಒಂದು ಹಲಗೆ, ಒಂದು ದಮ್ಮಡಿ, ಎಣ್ಣೆ ಕಾಣದ ಒಂದು ಹಾರ್ಮೋನಿಯಂ, ಗಂಟಲು ಚೆನ್ನಾಗಿರುವ ಕೆಲವರು. ರಾತ್ರಿ ಊಟವಾದ ಮೇಲೆ ಕೇರಿಯ ಕಟ್ಟೆ ಹತ್ತಿರ ನಿಂತು ಹಾಡಿದರೆ ಜನ ಸೇರುತ್ತಿದ್ದರು.

ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಥದೊಂದು ರಾತ್ರಿ ನಾವು ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಹಾಡಿದೆವು. ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಮಂಡ್ಯದ ಕಡೆ ಕಬ್ಬು ಕಡಿಯಲು ಗುಳೆ ಹೋಗಿ ಆ ವಾರವಷ್ಟೇ ವಾಪಸ್ಸು ಬಂದವಳು. ಕೈಯ ಗಾಯ ಇನ್ನೂ ಮಾಸಿರಲಿಲ್ಲ.

“ಟೀಚರ್ರೇ, ಅದು ನಮ್ಮ ಕತೀನೇ ಅಲ್ಲೇನ್ರೀ? ನಿಮಗ್ಯಾರು ಹೇಳಿದ್ರು?”

“ಯವ್ವಾ, ಅದನ್ನ ಬರೆದೋರು ಬೆಂಗಳೂರಿನ ಕಡೇರು, ಮಾಗಡಿ ತಾಲೂಕು,” ಅಂದೆ.

“ಅವರಿಗ್ಯಾರು ಹೇಳಿದ್ರು ಮತ್ತೆ?” ಎಂದು ಕೇಳಿದಳು.

ಪ್ರತಿಭಟನೆಯ ಕವಿತೆ ಮನಸ್ಸನ್ನು ಹೇಗೆ ಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಹೆಣ್ಣುಮಗಳ ಈ ಎರಡನೆಯ ಪ್ರಶ್ನೆ. ಅವಳು ಅಲ್ಲಿಯವರೆಗೆ ತನ್ನ ಕಷ್ಟವನ್ನು ತನ್ನ ಹಣೆಬರಹ ಎಂದುಕೊಂಡಿದ್ದಳು. ಗಂಡನ ಕುಡಿತ, ಮೇಸ್ತ್ರಿಯ ಬೈಗುಳ, ಮುಂಗಡ ತೀರದ ಲೆಕ್ಕ, ಎಲ್ಲವೂ ತನ್ನೊಬ್ಬಳ ಮನೆಯೊಳಗಿನ ಸಂಗತಿ. ಆ ರಾತ್ರಿ ಅವಳಿಗೆ ತಿಳಿದದ್ದು, ಎಲ್ಲೋ ಮಾಗಡಿಯಲ್ಲಿ ಹುಟ್ಟಿದ ಒಬ್ಬನಿಗೂ ಇದು ಗೊತ್ತಿದೆ, ಅಂದರೆ ಇದು ತನ್ನೊಬ್ಬಳದಲ್ಲ. ಸಿಟ್ಟು ಆಮೇಲೆ ಬಂದದ್ದು. ಮೊದಲು ಬಂದದ್ದು ಅಳು, ಅಳುವಿನ ಜೊತೆಗೇ ಒಂದು ಬಗೆಯ ಸಮಾಧಾನ. ಇಷ್ಟು ವರ್ಷ ಕೇಳಿ, ಹಾಡಿ, ಕಲಿಸಿ ನಾನು ಕಂಡುಕೊಂಡಿರುವುದು ಇದು: ಪ್ರತಿಭಟನೆಯ ಹಾಡು ಮೊದಲು ದುಃಖದ ಹಾಡು. ಜನ ಯಾವ ಧಾಟಿಯಲ್ಲಿ ಅಳುತ್ತ ಬಂದಿದ್ದಾರೋ ಅದೇ ಧಾಟಿಯಲ್ಲಿ ಅದು ಪ್ರಶ್ನೆ ಕೇಳುತ್ತದೆ. ಆ ಧಾಟಿಯನ್ನು ಕೈಬಿಟ್ಟ ಕವಿತೆ ಎಷ್ಟು ಜೋರಾಗಿ ಕೂಗಿದರೂ ಕೇರಿಯ ಕಟ್ಟೆ ದಾಟಿ ಒಳಗೆ ಹೋಗುವುದಿಲ್ಲ.

‘ನನ್ನ ಜನಗಳು’ ಕವಿತೆಯನ್ನೇ ನೋಡಿ. ಅದರಲ್ಲಿ ಬೈಗುಳ ಇಲ್ಲ, ಘೋಷಣೆ ಇಲ್ಲ. ಹಸಿದವರು, ಹೊತ್ತವರು, ಒದೆ ತಿಂದವರು ಎಂದು ಜನರನ್ನು ಅವರ ಪಾಡಿನಿಂದ, ಕೆಲಸದಿಂದ ಕರೆಯುತ್ತ ಹೋಗುತ್ತದೆ. ಕರೆದು ಕರೆದು, ಪ್ರತಿ ಸಲವೂ ಅವರೆಲ್ಲ ನನ್ನವರು ಎಂದು ಕವಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಗಣತಿಯವನು ಬಂದರೆ ‘ಕೂಲಿ’ ಎಂದು ಒಂದೇ ಮಾತಿನಲ್ಲಿ ಬರೆದುಕೊಂಡು ಹೋಗುತ್ತಾನೆ. ಈ ಕವಿತೆ ಹಾಗೆ ಮಾಡುವುದಿಲ್ಲ. ನೀನು ಏನು ಹೊತ್ತೆ, ಎಲ್ಲಿ ಹೊತ್ತೆ ಎಂಬುದು ತನಗೆ ಗೊತ್ತು ಎನ್ನುತ್ತದೆ. ಕೇಳುತ್ತ ಕೂತವರು ಆ ಸಾಲಿನಲ್ಲಿ ತಮ್ಮ ಸರದಿ ಬರುವುದನ್ನು ಕಾಯುತ್ತಾರೆ. ಬಂದ ಕೂಡಲೇ ಪಕ್ಕದವರ ಮುಖ ನೋಡುತ್ತಾರೆ. ಇದನ್ನು ನಾನು ಎಷ್ಟೋ ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಂಚನಬೆಲೆಯಲ್ಲಿ. ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅದಕ್ಕೆ ಎರಡು ವರ್ಷ ಮೊದಲು, 1973ರಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದದ್ದಕ್ಕೆ ರಾಜ್ಯದಲ್ಲಿ ದೊಡ್ಡ ಗದ್ದಲವೆದ್ದಿತ್ತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಆ ಕಾವಿನಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಮೈದಳೆಯಿತು. 1975ರಲ್ಲಿ ಸಮುದಾಯ ತಂಡ ಹುಟ್ಟಿತು, ಮುಂದೆ ಬೀದಿಗೆ ನಾಟಕ ತಂದಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಸಿಗದೇ ಹೋದಾಗ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಪಠ್ಯಪುಸ್ತಕದಲ್ಲಿ ಇಲ್ಲದಿರುವುದು, ಆ ಹಾಡುಗಳು ಬೆಂಗಳೂರು, ಮೈಸೂರು, ಕೋಲಾರ ದಾಟಿ ನಮ್ಮ ಕಡೆ ಬಂದಾಗ ಯಾವ ರಾಗ ತೊಟ್ಟುಕೊಂಡವು ಎಂಬ ವಿಚಾರ. ಕ್ಯಾಸೆಟ್ಟು ಎಲ್ಲ ಊರಿಗೂ ಸಿಗುತ್ತಿರಲಿಲ್ಲ. ಅಚ್ಚಾದ ಸಾಲುಗಳು ಮಾತ್ರ ಕೈಗೆ ಬರುತ್ತಿದ್ದವು. ರಾಗ ನಾವೇ ಹುಡುಕಿಕೊಳ್ಳಬೇಕಿತ್ತು. ಹುಡುಕುತ್ತ ಹೋದವರು ಎಲ್ಲರೂ ಹೋಗಿ ಮುಟ್ಟಿದ್ದು ಒಂದೇ ಕಡೆಗೆ, ಅಲಾಯಿ ಕುಣಿಯ ಹತ್ತಿರಕ್ಕೆ.

ನಮ್ಮ ಸೀಮೆಯ ಮೊಹರಂ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಒಂದು ಮುಸಲ್ಮಾನರ ಮನೆಯಿಲ್ಲದ ಊರುಗಳಲ್ಲೂ ಇಲ್ಲಿ ಪೀರಲ ದೇವರು ಕೂರುತ್ತವೆ. ಅಲಾಯಿ ಕುಣಿ ತೋಡಿ ಬೆಂಕಿ ಹಾಕಿ, ಅದರ ಸುತ್ತ ಗಂಡಸರು ಹೆಜ್ಜೆ ಹಾಕುತ್ತಾರೆ. ಹಾಡುವುದು ರಿವಾಯತ್ ಪದ, ಅಚ್ಚ ಕನ್ನಡದಲ್ಲಿ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಪ್ರವಾದಿಯ ಮೊಮ್ಮಗ ಹುಸೇನ್ ಮತ್ತು ಅವರ ಕಡೆಯ ಬೆರಳೆಣಿಕೆಯ ಜನರನ್ನು ಯಜೀದನ ಸೈನ್ಯ ಸುತ್ತುವರಿದದ್ದು, ಪಕ್ಕದಲ್ಲೇ ಹರಿಯುವ ಹೊಳೆಯ ನೀರು ಮಕ್ಕಳಿಗೂ ಸಿಗದಂತೆ ಮಾಡಿದ್ದು, ಆ ಕತೆಯೆಲ್ಲ ಆ ಪದಗಳಲ್ಲಿದೆ. ಬರ ನೋಡಿ ನೋಡಿ ಸೊರಗಿದ ಕೂಡ್ಲಿಗಿ, ಹರಪನಹಳ್ಳಿಯ ಜನಕ್ಕೆ ನೀರು ತಡೆದ ದೊರೆಯ ಕತೆ ದೂರದ್ದೆನಿಸುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಈ ಎರಡೂ ಹೆಸರುಗಳಿದ್ದವು. ಆ ವರದಿ ಬರುವ ಎಷ್ಟೋ ತಲೆಮಾರು ಮೊದಲಿನಿಂದ ಇಲ್ಲಿಯ ಕುರುಬರು, ಬೇಡರು, ಮಾದಿಗರು, ಲಿಂಗವಂತರು ಬೆಂಕಿಯ ಸುತ್ತ ಕೂಡಿ ಒಬ್ಬ ಅನ್ಯಾಯದ ದೊರೆಯ ವಿರುದ್ಧ ನಿಂತವನಿಗಾಗಿ ಅತ್ತಿದ್ದಾರೆ. ದೊರೆಗೆ ಎದುರು ನಿಂತು ಸತ್ತವನನ್ನು ಸೋತವನೆಂದು ಅವರು ಯಾವತ್ತೂ ಹಾಡಿಲ್ಲ.

ಆ ಹೆಜ್ಜೆಗೆ, ಆ ಧಾಟಿಗೆ ನಾವು ಹೊಸ ಹಾಡನ್ನು ಕೂರಿಸಿದಾಗ ಕೇಳುಗರ ಮೈ ತಾನಾಗಿಯೇ ಗುರುತು ಹಿಡಿಯುತ್ತಿತ್ತು. ಮಾತು ಕಿವಿಗೆ ಬೀಳುವ ಮೊದಲೇ ಕಾಲು ತಾಳ ಹಾಕುತ್ತಿತ್ತು. ಈ ರಾಗ ಬಂದರೆ ಯಾರೋ ಅನ್ಯಾಯಕ್ಕೊಳಗಾಗಿದ್ದಾರೆ ಎಂದು ಚಿಕ್ಕಂದಿನಿಂದ ಕೇಳಿದ ಕಿವಿಗೆ ಗೊತ್ತು. ಈ ಸಲ ಅದು ಯಾರಿಗಾಯಿತು ಎಂದು ಹೇಳುವುದಷ್ಟೇ ಕವಿತೆಗೆ ಉಳಿದ ಕೆಲಸ.

ನನ್ನ ಮಟ್ಟಿಗೆ ಇದು ಇನ್ನೂ ಹಿಂದಕ್ಕೆ ಹೋಗುತ್ತದೆ. ನಮ್ಮ ತಾಯಿಯ ತವರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳಲ್ಲೊಂದು. 1945ರಲ್ಲಿ ಶುರುವಾದ ಡ್ಯಾಮಿನಲ್ಲಿ 1953ರ ಹೊತ್ತಿಗೆ ನೀರು ನಿಂತಿತು, 90ರಷ್ಟು ಹಳ್ಳಿಗಳು ಒಳಗಾದವು. ನಾಡಿಗೆ ಅದರಿಂದ ಅನ್ನ ಬಂತು, ಸಿರುಗುಪ್ಪ ಗಂಗಾವತಿಯ ಗದ್ದೆಗಳು ಹಸಿರಾದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮಜ್ಜಿ ಬೀಸುವ ಕಲ್ಲಿನ ಮುಂದೆ ಕೂತಾಗಲೆಲ್ಲ ಮುಳುಗಿದ ಮನೆಯ ಹೊಸ್ತಿಲು, ಹಿತ್ತಲ ಬೇವು, ಹೊತ್ತು ತರಲಾಗದ ಊರಮ್ಮನ ಕಟ್ಟೆ, ಇವನ್ನೆಲ್ಲ ಸೇರಿಸಿ ಪದ ಕಟ್ಟಿ ಹಾಡುತ್ತಿದ್ದಳು. ಪರಿಹಾರದ ಹಣ ಎಷ್ಟು ಬಂತೆಂಬುದು ಆ ಪದದಲ್ಲಿ ಇರಲಿಲ್ಲ. ನನ್ನನ್ನು ಕೇಳದೆ ಯಾಕೆ ಬಂದೆ ಎಂದು ಅವಳು ನೀರನ್ನೇ ಕೇಳುತ್ತಿದ್ದಳು. ಸರ್ಕಾರವನ್ನು ಹೆಸರಿಟ್ಟು ಕೇಳುವ ಧೈರ್ಯ ಅವಳಿಗಿತ್ತೋ ಇಲ್ಲವೋ ಗೊತ್ತಿಲ್ಲ. ನೀರಿಗೆ ಹೇಳಿದ್ದು ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟೀತು ಎಂಬ ನಂಬಿಕೆಯಂತೂ ಇತ್ತು. ನಾನು ಕೇಳಿದ ಮೊದಲ ರಾಜಕೀಯ ಕವಿತೆ ಅದು.

ಹಾಗೆ ಮುಳುಗಿದ ಊರುಗಳ ಪೈಕಿ ನಾರಾಯಣದೇವರಕೆರೆಯೂ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವ ಹುಟ್ಟಿದ್ದು ಅಲ್ಲಿ. ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ನೂರಾರು ಹಾಡು ಕಟ್ಟಿದ ಈ ತಾಯಿಯನ್ನು ನಾವು ಹರಿದಾಸರ ಸಾಲಿನಲ್ಲಿ ಕೂರಿಸಿ ಕೈಮುಗಿದು ಸುಮ್ಮನಾಗುತ್ತೇವೆ. ಅವರ ಮುಯ್ಯದ ಹಾಡನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಸುಭದ್ರೆ, ದ್ರೌಪದಿ, ರುಕ್ಮಿಣಿ, ಸತ್ಯಭಾಮೆಯರು ಒಬ್ಬರಿಗೊಬ್ಬರು ಮಾತಿಗೆ ಮಾತು ಕೊಡುವುದೇ ಅದರ ಜೀವ. ಮನೆಯಲ್ಲಿ ಬಾಯಿ ತೆರೆಯಬಾರದೆಂದು ಕಟ್ಟುಮಾಡಿದ ಹೆಂಗಸರು ಶುಭಕಾರ್ಯದ ಹಾಡಿನ ನೆವದಲ್ಲಿ ಎಲ್ಲವನ್ನೂ ಆಡಿ ಮುಗಿಸುತ್ತಿದ್ದರು. ಹಾಡಾದ್ದರಿಂದ ಯಾರೂ ಬಾಯಿ ಮುಚ್ಚಿಸುವಂತಿರಲಿಲ್ಲ. ಇದನ್ನು ಬಂಡಾಯ ಸಾಹಿತ್ಯ ಎಂದು ಎಳೆದು ತರುವ ಇರಾದೆ ನನಗಿಲ್ಲ. ಹಾಡಿನೊಳಗೆ ನಿಂತು ಎದುರು ಮಾತಾಡುವ ರೂಢಿ ಈ ನೆಲದ ಹೆಣ್ಣುಮಕ್ಕಳಿಗೆ ತೀರ ಹಳೆಯದು ಎಂದಷ್ಟೇ ಹೇಳುತ್ತಿದ್ದೇನೆ. ಹಾಡೇ ಬಾಳಾದ ಹೆಣ್ಣುಮಕ್ಕಳು ನಮ್ಮ ಕಾಲದಲ್ಲೂ ಇದ್ದರು. ಸಂಡೂರು ತಾಲೂಕಿನ ದರೋಜಿಯ ಈರಮ್ಮ ಓದು ಬರಹ ಬಾರದೆ, ಅಲೆಮಾರಿ ಬುಡ್ಗಜಂಗಮರ ಬಿಡಾರದಲ್ಲಿ ಬೆಳೆದು, ಕುಮಾರರಾಮನಂಥ ದೊಡ್ಡ ದೊಡ್ಡ ಕಾವ್ಯಗಳನ್ನು ಬುರ್ರಕಥೆಯಾಗಿ ರಾತ್ರಿಯಿಡೀ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು.

ಜನಕ್ಕೆ ಗೊತ್ತಿರುವ ಧಾಟಿಯಲ್ಲೇ ಎದುರು ಮಾತಾಡುವುದು ಹೊರಗಿನ ಜಗತ್ತಿನಲ್ಲೂ ನಡೆದಿದೆ. ಪಾಕಿಸ್ತಾನದಲ್ಲಿ ಜನರಲ್ ಜಿಯಾ ಆಳುತ್ತಿದ್ದಾಗ, 1979ರಲ್ಲಿ, ಫೈಜ್ ಅಹ್ಮದ್ ಫೈಜ್ ‘ಹಮ್ ದೇಖೇಂಗೆ’ ಬರೆದರು. ಜಿಯಾ ತನ್ನ ಆಳ್ವಿಕೆಗೆ ಧರ್ಮದ ಭಾಷೆಯನ್ನೇ ಹೊದಿಸಿದ್ದ. ಫೈಜ್ ಆ ಭಾಷೆಯನ್ನೇ ಎತ್ತಿಕೊಂಡರು. ಕಯಾಮತ್ತಿನ ದಿನದ ಚಿತ್ರಗಳನ್ನು, ಎಲ್ಲರೂ ಮಸೀದಿಯಲ್ಲಿ ಕೇಳಿ ಬೆಳೆದ ಮಾತುಗಳನ್ನು ಸಿಂಹಾಸನದ ಕಡೆಗೆ ತಿರುಗಿಸಿದರು. 1986ರಲ್ಲಿ, ಫೈಜ್ ತೀರಿಕೊಂಡ ಮೇಲೆ, ಗಾಯಕಿ ಇಕ್ಬಾಲ್ ಬಾನೊ ಲಾಹೋರಿನಲ್ಲಿ ಅದನ್ನು ಹಾಡಿದರು. ಸೀರೆಯನ್ನು ಆಳುವವರು ಒಪ್ಪದಿದ್ದ ಕಾಲದಲ್ಲಿ ಕಪ್ಪು ಸೀರೆ ಉಟ್ಟು ಬಂದಿದ್ದರು. ಆ ಧ್ವನಿಮುದ್ರಣದಲ್ಲಿ ಚಪ್ಪಾಳೆ, ಜಯಕಾರಗಳಿಗಾಗಿ ಹಾಡು ಮತ್ತೆ ಮತ್ತೆ ನಿಲ್ಲುವುದನ್ನು ಇವತ್ತಿಗೂ ಕೇಳಬಹುದು. ನಮ್ಮ ಅಲಾಯಿ ಧಾಟಿ ನಮ್ಮ ಹಾಡಿಗೆ ಮಾಡಿದ್ದನ್ನೇ ಅಲ್ಲಿ ಧರ್ಮಗ್ರಂಥದ ಮಾತು ಮಾಡಿತು. ಜನರ ಎದೆಯಲ್ಲಿ ಆಗಲೇ ಬೇರು ಬಿಟ್ಟ ಭಾಷೆಯನ್ನು ಯಾವ ಸೆನ್ಸಾರೂ ಕಿತ್ತು ಹಾಕಲಾರದು.

ಇನ್ನು ಹಲಗೆಯ ಮಾತು. ಬೆಂಗಳೂರು ಕಡೆ ತಮಟೆ ಎನ್ನುತ್ತಾರೆ. ಊರಿನಲ್ಲಿ ಸಾವಾದರೆ ಹಲಗೆ ಬಾರಿಸಲು ಮಾದಿಗರ ಕೇರಿಯಿಂದ ಬರಬೇಕಿತ್ತು. ಡಂಗುರ ಸಾರಬೇಕಾದರೆ ಬರಬೇಕಿತ್ತು. ಜಾತ್ರೆಯಲ್ಲಿ ಬಾರಿಸಬೇಕಿತ್ತು, ಆದರೆ ಗುಡಿಯ ಹೊರಗೆ ನಿಂತು. ಅದು ಬಿಟ್ಟಿ ಚಾಕರಿ, ಇಲ್ಲವೆನ್ನುವ ಹಕ್ಕು ಇರಲಿಲ್ಲ. ಇಂಥ ಹಲಗೆಯನ್ನು ದಲಿತ ಸಂಘರ್ಷ ಸಮಿತಿಯ ಹುಡುಗರು ಮೆರವಣಿಗೆಯ ಮುಂದೆ ಹಿಡಿದು ನಡೆದಾಗ ಕೇರಿಯ ಹಿರಿಯರಲ್ಲಿ ಎರಡು ಅಭಿಪ್ರಾಯಗಳಿದ್ದವು. ನಮ್ಮನ್ನು ಕಟ್ಟಿಹಾಕಿದ್ದ ವಸ್ತುವನ್ನು ಮತ್ತೆ ಯಾಕೆ ಹೊರಬೇಕು, ಸುಟ್ಟುಬಿಡಿ ಎಂದರು ಕೆಲವರು. ಹರಪನಹಳ್ಳಿ ಕಡೆಯ ಒಬ್ಬ ಅಜ್ಜ ನನಗೆ ಹೇಳಿದ್ದು ಬೇರೆ: “ಇಷ್ಟು ದಿನ ಊರಾರು ಕರದಾಗ ಬಡದ್ವಿ. ಇವತ್ತು ನಮಗ ತಿಳದಾಗ ಬಡೀತೀವಿ. ಕೈ ಅದೇ, ಹಲಗಿ ಅದೇ.” ಎರಡೂ ಅಭಿಪ್ರಾಯಗಳಿಗೆ ತಮ್ಮ ತಮ್ಮ ನ್ಯಾಯವಿದೆ. ಆದರೆ ಹಲಗೆಯ ಸದ್ದು ಕೇಳಿದರೆ ಇವತ್ತಿಗೂ ನನ್ನ ಎದೆ ನಡುಗುತ್ತದೆ. ಅದರೊಳಗೆ ಸಾವಿನ ನೆನಪೂ ಇದೆ, ಎದ್ದು ನಡೆದ ಮೆರವಣಿಗೆಯ ನೆನಪೂ ಇದೆ. ಇವೆರಡು ಬೆರೆತಿರುವುದರಿಂದಲೇ ಪ್ರತಿಭಟನೆಯ ಹಾಡಿಗೆ ಹಲಗೆಯಷ್ಟು ಒಗ್ಗುವ ವಾದ್ಯ ನಮ್ಮಲ್ಲಿ ಇನ್ನೊಂದಿಲ್ಲ.

ಅಳು ಮತ್ತು ಪ್ರಶ್ನೆ ಒಂದೇ ಗಂಟಲಿನಿಂದ ಬರುವುದನ್ನು ನಾನು ಅತಿ ಹತ್ತಿರದಿಂದ ಕಂಡದ್ದು ದೇವದಾಸಿಯರಾಗಿದ್ದ ಹೆಣ್ಣುಮಕ್ಕಳಲ್ಲಿ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗ ಮುತ್ತು ಕಟ್ಟುವ ಪದ್ಧತಿಗಾಗಿ ಹೆಸರು ಕೆಡಿಸಿಕೊಂಡ ಕ್ಷೇತ್ರ. ದೇವರ ಹೆಸರಿನಲ್ಲಿ ಬಿಡುತ್ತಿದ್ದದ್ದು ಬಡವರ ಮಕ್ಕಳನ್ನು, ಅದರಲ್ಲೂ ದಲಿತರ ಮಕ್ಕಳನ್ನು. 1982ರಲ್ಲಿ ಕರ್ನಾಟಕದಲ್ಲಿ ನಿಷೇಧ ಕಾಯ್ದೆಯಾಯಿತು. ಆಮೇಲೆ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಗುರುತಿಸಿದ ಮಾಜಿ ದೇವದಾಸಿಯರ ಸಂಖ್ಯೆಯೇ 46 ಸಾವಿರ ದಾಟಿತು. ಅವರಲ್ಲಿ ಬಹಳಷ್ಟು ಮಂದಿ ನಮ್ಮ ಈ ತಾಲೂಕುಗಳವರು. ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಕಟ್ಟಿಕೊಂಡು ಮಾಸಾಶನಕ್ಕೆ, ಮನೆಗೆ, ಮಕ್ಕಳ ಓದಿಗೆ ಅವರು ಧರಣಿ ಕೂತರು. ಅಲ್ಲಿ ಹಾಡಿದ್ದು ಎಲ್ಲಮ್ಮನ ಧಾಟಿಯ ಪದಗಳನ್ನು. ಚೌಡಿಕೆಯ ತಂತಿ ಮೀಟಿದರೆ ಮೊದಲು ಬರುವುದು ತಾಯಿಯ ನಾಮ. ಆ ನಾಮದ ಬೆನ್ನಿಗೆ, ಹೊಟ್ಟೆಯ ಮಗಳನ್ನು ನಿನ್ನ ಹೆಸರಲ್ಲಿ ಬಿಟ್ಟವರು ಯಾರು, ನೀನು ಕೇಳಿದ್ದೆಯಾ ಎಂದು ತಾಯಿಯನ್ನೇ ಹಿಡಿದು ಕೇಳುವ ಮಾತು ಬರುತ್ತಿತ್ತು. ದೇವರನ್ನು ಬಿಟ್ಟುಬಿಡು ಎಂದು ಹೊರಗಿನಿಂದ ಬಂದವರು ಭಾಷಣ ಮಾಡಿದಾಗ ಆ ಹೆಣ್ಣುಮಕ್ಕಳು ತಲೆ ತಗ್ಗಿಸಿ ಕೂತಿರುತ್ತಿದ್ದರು. ದೇವರನ್ನೇ ಸಾಕ್ಷಿಗೆ ಕರೆದು ಹಾಡಿದಾಗ ತಲೆ ಎತ್ತುತ್ತಿದ್ದರು.

ನಮ್ಮೂರಿಂದ ಹೊಸಪೇಟೆ ದಾರಿಯಲ್ಲಿ ಸಿಗುವ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಇದೇ ಚೌಡಿಕೆ, ಇದೇ ಎಲ್ಲಮ್ಮನ ಕತೆಯನ್ನು ಹಿಡಿದು, ಭಿಕ್ಷೆಯ ಬದುಕಿನಿಂದ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿಯವರೆಗೆ ನಡೆದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಹರಸಿದ್ದನ್ನು ದೇಶವೇ ನೋಡಿತು. ಮನೆಯವರು, ಊರವರು ದೂರವಿಟ್ಟವರೊಬ್ಬರು ದೇಶದ ಮೊದಲ ಪ್ರಜೆಯನ್ನು ಹರಸುವ ಸ್ಥಾನದಲ್ಲಿ ನಿಂತಿದ್ದರು. ಘೋಷಣೆಯ ಒಂದು ಪದವೂ ಅಲ್ಲಿರಲಿಲ್ಲ. ಆದರೂ ಟಿವಿ ಮುಂದೆ ಕೂತ ನನ್ನ ಕಣ್ಣು ತುಂಬಿತು.

ಘೋಷಣೆಗೆ ಅದರ ಕೆಲಸವಿದೆ, ಆದರೆ ಅದು ಹಾಡಿನ ಜಾಗವನ್ನು ಕಿತ್ತುಕೊಂಡಾಗ ಕವಿತೆ ಸೊರಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎಂಬತ್ತರ ದಶಕದಲ್ಲಿ ಬಂಡಾಯದ ಹೆಸರಿನಲ್ಲಿ ಬಂದ ಕವಿತೆಗಳು ಎಷ್ಟು! ಬೆಂಕಿ, ಕತ್ತಿ, ರಕ್ತ, ಕೆಂಪು ಸೂರ್ಯ. ತರಗತಿಯಲ್ಲಿ ಓದಿಸಿದರೆ ಮಕ್ಕಳು ಆಕಳಿಸುತ್ತಿದ್ದರು. ಬರೆದವರ ಸಿಟ್ಟು ಸುಳ್ಳಾಗಿರಲಿಲ್ಲ. ಆದರೆ ಉತ್ತರ ಮೊದಲೇ ತಿಳಿದು ಬರೆದ ಕವಿತೆಯಲ್ಲಿ ಕೇಳುವವರಿಗೆ ಮಾಡಲು ಏನೂ ಕೆಲಸ ಉಳಿದಿರುವುದಿಲ್ಲ. ಬಂಡಾಯ ಸಂಘಟನೆಯನ್ನು ಕಟ್ಟಿದವರಲ್ಲೇ ಒಬ್ಬರಾದ ಡಿ.ಆರ್. ನಾಗರಾಜ್ ಮುಂದೆ ಇದನ್ನು ಆಳವಾಗಿ ಯೋಚಿಸಿದರು. ದಲಿತ ಚಳವಳಿ ಸಿಟ್ಟೊಂದನ್ನೇ ಉಸಿರಾಡುತ್ತ ಬಹಳ ದೂರ ಹೋಗಲಾರದು, ತನ್ನವೇ ಆದ ದೇವತೆಗಳನ್ನು, ಕತೆಗಳನ್ನು, ಕಲೆಗಳನ್ನು ಮರಳಿ ಪಡೆಯಬೇಕು ಎಂದು ವಾದಿಸಿದರು. 1998ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಅವರು ಹೋಗಿಬಿಟ್ಟರು. ಚೌಡಿಕೆ ಹಿಡಿದ ನಮ್ಮ ಹೆಣ್ಣುಮಕ್ಕಳು ಆ ವಾದವನ್ನು ಓದಿದವರಲ್ಲ, ಹಾಡಿ ತೋರಿಸಿದವರು.

ಘೋಷಣೆಯ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರಿಂದ, ಮುಂದೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಲ್ಲಿ ಸಿಕ್ಕ ಸವಲತ್ತು ಆ ತಾಲೂಕಿಗೆ ಸಿಗದೇ ಹೋಯಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು, ಕೊನೆಗೆ ತಾಲೂಕು ಮತ್ತೆ ಬಳ್ಳಾರಿಗೆ ಬಂತು. ಬೀದಿಯಲ್ಲಿ ಕೂಗಿದ ಆ ಘೋಷಣೆಗಳನ್ನು ನಾನೂ ಕೇಳಿದ್ದೇನೆ. ಕೆಲಸ ಮುಗಿಯಿತು, ಅವೂ ಮುಗಿದವು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ತಾಲೂಕಿನಿಂದ ಕಾಫಿ ಸೀಮೆಗೆ ಗುಳೆ ಹೋಗುವವರು ಲಾರಿಯಲ್ಲಿ ಕೂತು ಹಾಡುವ ಪದಗಳು ಮುಗಿದಿಲ್ಲ, ಏಕೆಂದರೆ ಗುಳೆ ಮುಗಿದಿಲ್ಲ.

ಇಂಥ ಕವಿತೆಗೆ ಅಂಜುವವರೂ ಇದ್ದಾರೆ, ಆ ಅಂಜಿಕೆಯೂ ಅದರ ಬಲಕ್ಕೆ ಸಾಕ್ಷಿಯೇ. ತುಂಗಭದ್ರೆಯ ಆಚೆ ದಡದ ಆನೆಗುಂದಿಯಲ್ಲಿ, 2020ರ ಜನವರಿಯ ಉತ್ಸವದ ಕವಿಗೋಷ್ಠಿಯಲ್ಲಿ, ಕೊಪ್ಪಳದ ಪತ್ರಕರ್ತ ಸಿರಾಜ್ ಬಿಸರಳ್ಳಿ ಒಂದು ಕವಿತೆ ಓದಿದರು. ಪೌರತ್ವದ ದಾಖಲೆ ಕೇಳುವವರನ್ನೇ ದಾಖಲೆ ಕೇಳುವ ಕವಿತೆ. ದೂರು ದಾಖಲಾಯಿತು. ಫೆಬ್ರವರಿಯಲ್ಲಿ ಅವರನ್ನೂ, ಅದನ್ನು ಹಂಚಿಕೊಂಡ ಇನ್ನೊಬ್ಬ ಪತ್ರಕರ್ತರನ್ನೂ ಬಂಧಿಸಿದರು. ಆಮೇಲೆ ಜಾಮೀನು ಸಿಕ್ಕಿತು. ಅಷ್ಟರಲ್ಲಿ ಆ ಕವಿತೆ ಹಲವು ಭಾಷೆಗಳಿಗೆ ಅನುವಾದವಾಗಿತ್ತು. ಆ ಕವಿತೆಯ ರಾಜಕೀಯವನ್ನು ಒಪ್ಪದವರು ನನ್ನ ಗೆಳತಿಯರಲ್ಲೇ ಇದ್ದಾರೆ. ಒಪ್ಪದಿದ್ದರೆ ಇನ್ನೊಂದು ಕವಿತೆ ಬರೆಯಬಹುದು, ಗೋಷ್ಠಿಯಲ್ಲೇ ಎದ್ದು ವಾದಿಸಬಹುದು. ಕವಿತೆಗೆ ಪೊಲೀಸರನ್ನು ಕರೆಯುವುದನ್ನು ನಾನು ಎಂದಿಗೂ ಒಪ್ಪಲಾರೆ. ಮಾತಿಗೆ ಮಾತು ಕೊಡುವ ಮುಯ್ಯದ ಹಾಡಿನ ಸೀಮೆಯವಳು ನಾನು.

ಹಾಡಿನ ಉಸಿರು ನಮ್ಮ ಕಡೆಯ ಗದ್ಯದಲ್ಲೂ ಉಳಿದಿದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ನಮ್ಮ ಬಳ್ಳಾರಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲೂಕುಗಳು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ದಿನ. ರಾಯಲಸೀಮೆಯ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದು, ಕತೆ ಕಾದಂಬರಿಗಳಿಂದ ಹೆಸರಾದ ಅವರು ಕವಿತೆಯನ್ನೂ ಬರೆದವರು. ‘ದಿವಿ ಸೀಮೆಯ ಹಾಡು’ ಅವರ ಕವನ ಸಂಕಲನ. ‘ಅರಮನೆ’ ಕಾದಂಬರಿಗೆ 2007ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಎಂ.ಎಂ. ಕಲಬುರ್ಗಿಯವರ ಕೊಲೆಯ ನಂತರ 2015ರಲ್ಲಿ ಹಿಂತಿರುಗಿಸಿದರು. ಅವರ ಗದ್ಯವನ್ನು ಗಟ್ಟಿಯಾಗಿ ಓದಿ ನೋಡಿ. ನಮ್ಮ ಕಡೆಯ ಬಯಲಾಟದ ಭಾಗವತನ ಉಸಿರು, ಕೇರಿಯ ಹೆಂಗಸರ ಬೈಗುಳದ ಲಯ ಅದರಲ್ಲಿ ಕೇಳುತ್ತದೆ. ಅಚ್ಚಿನಲ್ಲಿ ಗದ್ಯವಾದದ್ದು ಕಿವಿಗೆ ಪದವಾಗಿಯೇ ಬೀಳುತ್ತದೆ.

ಈಗಿನ ಹುಡುಗಿಯರು ಹಾಡನ್ನು ಫೋನಿನಲ್ಲಿ ಹಿಡಿದು ಹಂಚುತ್ತಾರೆ. ಅದು ಒಳ್ಳೆಯದೇ. ಆದರೆ ಫೋನಿನ ಹಾಡಿಗೆ ಪಲ್ಲವಿಯ ಉತ್ತರ ಕೊಡುವವರಿಲ್ಲ. ನಾವು ಹಾಡುವಾಗ ಒಬ್ಬರು ಸಾಲು ಎತ್ತುತ್ತಿದ್ದರು, ಕೂತವರೆಲ್ಲ ಪಲ್ಲವಿ ಹಿಡಿಯುತ್ತಿದ್ದರು. ಎಂದೂ ಸಭೆಯಲ್ಲಿ ಬಾಯಿ ಬಿಡದ ಸೊಸೆ, ನಾಲ್ಕು ಜನರ ದನಿಯ ಮರೆಯಲ್ಲಿ ತನ್ನ ದನಿ ಸೇರಿಸುತ್ತಿದ್ದಳು. ಮೂರನೆಯ ಸಲಕ್ಕೆ ಅವಳ ದನಿ ಬೇರೆಯಾಗಿ ಕೇಳುತ್ತಿತ್ತು. ನಾಲ್ಕನೆಯ ಚರಣ ಮುಗಿಯುವ ಹೊತ್ತಿಗೆ ಅವಳೇ ಒಂದು ಸಾಲು ಸೇರಿಸುತ್ತಿದ್ದಳು. ಕವಿತೆ ಆ ಕ್ಷಣಕ್ಕೆ ಕವಿಯ ಕೈ ಬಿಟ್ಟು ಊರಿನದಾಗುತ್ತಿತ್ತು. ಸಿದ್ಧಲಿಂಗಯ್ಯನವರು 2021ರ ಜೂನಿನಲ್ಲಿ ಕೋವಿಡ್‌ನಿಂದ ತೀರಿಕೊಂಡ ಸುದ್ದಿ ಬಂದಾಗ ನನಗೆ ಹಳೆಯ ಗೆಳತಿಯರಿಂದ ಫೋನಿನ ಮೇಲೆ ಫೋನು. ಅವರಲ್ಲಿ ಕೆಲವರಿಗೆ ಆ ಹಾಡು ಬರೆದವರ ಹೆಸರು ಅಂದೇ ಗೊತ್ತಾದದ್ದು. ಇಷ್ಟು ದಿನ ಅದನ್ನು ತಮ್ಮೂರಿನ ಹಾಡು ಎಂದುಕೊಂಡಿದ್ದರು.

ಈಚೆಗೆ ನಮ್ಮ ತಾಲೂಕಿನ ಒಂದು ಹಳ್ಳಿಯ ಗ್ರಾಮಸಭೆಗೆ ಹೋಗಿದ್ದೆ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತಿದ ಹೆಣ್ಣುಮಕ್ಕಳಿಗೆ ಕೂಲಿ ಬಂದಿರಲಿಲ್ಲ. ಕೇಳಲು ಎದ್ದವಳ ಗಂಟಲು ಕಟ್ಟಿತು, ಕೂತುಬಿಟ್ಟಳು. ಹಿಂದಿನ ಸಾಲಿನಿಂದ ಯಾರೋ ಸೋಬಾನೆಯ ಧಾಟಿ ಎತ್ತಿದರು. ಮದುಮಗಳನ್ನು ಕಳಿಸಿಕೊಡುವಾಗ ಹಾಡುವ ರಾಗ. ಅದರಲ್ಲಿ ಬುಟ್ಟಿ, ಸಲಿಕೆ, ಕೆರೆಯ ಕೆಸರು, ಬ್ಯಾಂಕಿನ ಪಾಸ್‌ಬುಕ್ಕು ಒಂದೊಂದಾಗಿ ಬಂದವು. ಎದ್ದು ಕೂತಿದ್ದವಳು ಮತ್ತೆ ಎದ್ದು ಪಲ್ಲವಿ ಹಿಡಿದಳು, ಆಮೇಲೆ ಹೆಂಗಸರೆಲ್ಲ ಎದ್ದರು. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ, ಇದನ್ನೇ ಒಂದು ಕಾಗದದಲ್ಲಿ ಬರೆದು ಅರ್ಜಿ ಕೊಡಿ ಎಂದರು.

“ಕಾಗದ ಆವಾಗ್ಲೇ ಕೊಟ್ಟೀವ್ರೀ ಸಾಹೇಬ್ರೆ,” ಎಂದಳು ಹಾಡು ಎತ್ತಿದಾಕೆ. “ಕಾಗದ ಓದಿದ್ರ ಹಾಡು ಯಾಕ ಹಾಡ್ತಿದ್ವಿ?”

ಅಧಿಕಾರಿ ಕಪಾಟು ತೆಗೆಸಿ ಹಳೆಯ ಅರ್ಜಿಯನ್ನು ಅಲ್ಲೇ ಹುಡುಕಿಸಿದರು. ಕೂಲಿ ಜಮಾ ಆದದ್ದು ದೀಪಾವಳಿ ದಾಟಿದ ಮೇಲೆ.